ಸೊಂಟಕ್ಕೊಂದು ಸಣ್ಣ ಚಾಕು: ಪದೇ ಪದೇ ಕೇಳುವ ಪ್ರಶ್ನೆಗಳು

ಹಿಡಿ ಸೇರಿ ಒಂದು ಗೇಣೂ ಇಲ್ಲದ ಚಾಕು ಹದಿನೈದು ವರ್ಷದಿಂದ ನನ್ನ ಸೊಂಟದಲ್ಲಿದೆ. ಮನೆಗೆ ಬರುವ ನೆಂಟರು, ಬೆಂಗಳೂರಿನ ಅಕ್ಕನ ಮಗ, ಅವನ ಜೊತೆ ಬರುವ ಟ್ರೆಕ್ಕಿಂಗ್ ಹುಚ್ಚಿನ ಹುಡುಗರು, ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಹೇಳಿ ಹೇಳಿ ಸಾಕಾಗಿ ಬರೆದಿಟ್ಟಿದ್ದೇನೆ. ನಾನು ಮಲೆನಾಡಿನ ಅಡಿಕೆ ಬೆಳೆಗಾರ, ಚಾಕು ಸಂಗ್ರಹಿಸುವವನಲ್ಲ. ಗಾಜಿನ ಪೆಟ್ಟಿಗೆಯಲ್ಲಿ ಇಡುವಂಥ ಚಾಕು ಬೇಕಾದವರಿಗೆ ಇಲ್ಲಿ ಜಾಸ್ತಿ ಏನೂ ಸಿಗಲಿಕ್ಕಿಲ್ಲ.

ಮಡಚುವ ಚಾಕು ಜೇಬಿನಲ್ಲಿ ಹಿಡಿಯುತ್ತೆ. ಮಡಚದ್ದನ್ನು ಯಾಕೆ ಹೊತ್ತುಕೊಂಡು ತಿರುಗಬೇಕು?

ನಾನೂ ಮೊದಲು ಮಡಚುವುದನ್ನೇ ಇಟ್ಟುಕೊಂಡಿದ್ದೆ. ಒಂದು ಮಳೆಗಾಲದಲ್ಲಿ ಕರು ಗೂಟಕ್ಕೆ ಸುತ್ತು ಹಾಕಿಕೊಂಡು, ನೈಲಾನ್ ಹಗ್ಗ ಕುತ್ತಿಗೆಗೆ ಬಿಗಿದು, ನಾಲಿಗೆ ಹೊರಗೆ ಹಾಕಿ ಬಿದ್ದಿತ್ತು. ನನ್ನ ಒಂದು ಕೈ ಹಗ್ಗದ ಕೆಳಗೆ. ಇನ್ನೊಂದು ಕೈ ಸಗಣಿ, ಕೆಸರು, ನೀರು. ಚಾಕು ಜೇಬಿನಿಂದ ಹೊರಗೆ ಬಂತು, ಆದರೆ ಉಗುರು ಜಾರಿ ಜಾರಿ ಅಲಗು ತೆರೆಯಲೇ ಇಲ್ಲ. ಕೊನೆಗೆ ಹಲ್ಲಿನಿಂದ ಎಳೆದು ಬಿಚ್ಚಿದೆ. ಕರು ಉಳಿಯಿತು. ಆ ವಾರವೇ ಮಡಚದ ಚಾಕು ಮಾಡಿಸಿದೆ.

ಇನ್ನೊಂದು ಕಾರಣ ತೊಳೆಯುವುದು. ಮಡಚುವ ಚಾಕುವಿನ ಸಂದಿಗೆ ಮಣ್ಣು, ಮಾವಿನ ರಸ, ಬಾಳೆ ಸೊನೆ ಎಲ್ಲ ಹೋಗಿ ಕೂರುತ್ತದೆ. ಮಡಚದ್ದಕ್ಕೆ ಸಂದಿಯೇ ಇಲ್ಲ, ನಲ್ಲಿ ಕೆಳಗೆ ಹಿಡಿದರೆ ಮುಗಿಯಿತು. ಆಫೀಸಿನಲ್ಲಿ ಕೂತು ಕೆಲಸ ಮಾಡುವವರಿಗೆ ಮಾತ್ರ ಮಡಚುವುದೇ ಸರಿ. ನಿಮಗೆ ಇದು ಬೇಡ ಎಂದು ಮೊದಲೇ ಹೇಳಿಬಿಡುತ್ತೇನೆ.

ದಿನಾ ಅದರಿಂದ ಏನು ಕೆಲಸ?

ಗೊಬ್ಬರದ ಚೀಲದ ದಾರ. ಹನಿ ನೀರಾವರಿ ಪೈಪು. ಮೆಣಸಿನ ಬಳ್ಳಿ ಕಟ್ಟುವ ಹಗ್ಗ. ಊಟಕ್ಕೆ ಎರಡು ಬಾಳೆ ಎಲೆ. ಪಾರ್ಸಲ್ಲು, ಹಾಲಿನ ಪ್ಯಾಕೆಟ್ಟು, ಕಾಲಿಗೆ ಚುಚ್ಚಿದ ಮುಳ್ಳು. ಗದ್ದೆ ಬದುವಿನ ಮೇಲೆ ಕೂತು ಒಂದು ಮಾವಿನಕಾಯಿ. ಇಷ್ಟೇ. ಎಳನೀರು ಕೆತ್ತುವುದು, ಗಿಡ ಕಡಿಯುವುದು ಇದರ ಕೆಲಸವಲ್ಲ, ಅದಕ್ಕೆ ಕತ್ತಿ ಇದೆ. ಹಳಬರ ಎಲೆ ಅಡಿಕೆ ಸಂಚಿಯಲ್ಲಿ ಅಡಕತ್ತರಿಯ ಜೊತೆ ಒಂದು ಪುಟ್ಟ ಚಾಕು ಇರುತ್ತಿತ್ತಲ್ಲ, ನಮ್ಮದು ಅದರ ಸ್ವಲ್ಪ ದೊಡ್ಡ ತಮ್ಮ.

ಕಸಿ ಕಟ್ಟಲು ಮಾತ್ರ ಇದನ್ನು ಬಳಸಬೇಡಿ. ಗೊಬ್ಬರದ ಚೀಲ ಹರಿದ ಚಾಕುವಿನಲ್ಲಿ ಕಸಿಕಡ್ಡಿ ಸೀಳಿದರೆ ಕೊಳೆ ರೋಗವನ್ನು ನೀವೇ ಗಿಡದೊಳಗೆ ತುಂಬಿದ ಹಾಗೆ. ಅದಕ್ಕೆ ಬೇರೆ ಚಾಕು, ಬೇರೆ ಡಬ್ಬಿ.

ಅಲಗು ಎಷ್ಟು ಉದ್ದ ಇರಬೇಕು?

ಮೂರು ಇಂಚು. ಮೂರೂವರೆ ಆದರೂ ನಡೆಯುತ್ತದೆ. ನಾಲ್ಕು ದಾಟಿದರೆ ಕೂರುವಾಗ ತೊಡೆಗೆ ತಾಗಲು ಶುರುವಾಗುತ್ತದೆ, ಆಮೇಲೆ ಅದು ಮನೆಯ ಮೊಳೆಯಲ್ಲೇ ನೇತಾಡುತ್ತದೆ.

ಜನ ಅಲಗಿನ ಉದ್ದ ಕೇಳುತ್ತಾರೆ, ದಪ್ಪ ಕೇಳುವುದಿಲ್ಲ. ನನ್ನ ಪ್ರಕಾರ ದಪ್ಪವೇ ಮುಖ್ಯ. ಬೆನ್ನಿನ ಕಡೆ ಎರಡೂವರೆ ಮಿಲಿಮೀಟರ್ ಸಾಕು, ಮೂರು ಜಾಸ್ತಿಯಾಯಿತು. ಐದು ಮಿಲಿಮೀಟರ್ ದಪ್ಪದ ‘ಕಾಡಿನ ಚಾಕು’ಗಳು ಬರುತ್ತವಲ್ಲ, ಅದರಲ್ಲಿ ಸೌತೆಕಾಯಿ ಹೆಚ್ಚಿ ನೋಡಿ, ಹೆಚ್ಚುವುದಿಲ್ಲ, ಸಿಡಿಯುತ್ತದೆ.

ಹಿಡಿ ಮಾತ್ರ ಗಿಡ್ಡ ಆಗಬಾರದು. ನಾಲ್ಕು ಬೆರಳೂ ಕೂರಬೇಕು. ಕಿರುಬೆರಳು ಹೊರಗುಳಿದರೆ ಒದ್ದೆ ಕೈಯಲ್ಲಿ ಚಾಕು ತಿರುಗುತ್ತದೆ. ಹಿಡಿ ಮುಗಿದು ಅಲಗು ಶುರುವಾಗುವ ಜಾಗದಲ್ಲಿ ಸಣ್ಣದೊಂದು ಉಬ್ಬು ಬೇಕು, ಬೆರಳು ಅಲಗಿನ ಬಾಯಿಯ, ಅಂದರೆ ಹರಿತದ ಅಂಚಿನ ಮೇಲೆ ಜಾರದ ಹಾಗೆ.

ಯಾವ ಉಕ್ಕು ಒಳ್ಳೆಯದು?

ಬರುವವರೆಲ್ಲ ಮೊದಲು ಕೇಳುವುದು ಇದನ್ನೇ. ನಾನಾಗಿದ್ದರೆ ಕೊನೆಗೆ ಕೇಳುತ್ತಿದ್ದೆ.

ಉಕ್ಕಿನಲ್ಲಿ ಕ್ರೋಮಿಯಂ ಶೇಕಡ 10.5ಕ್ಕಿಂತ ಜಾಸ್ತಿ ಇದ್ದರೆ ಅದನ್ನು ಸ್ಟೇನ್‌ಲೆಸ್ ಅನ್ನುತ್ತಾರೆ, ಬೇಗ ತುಕ್ಕು ಹಿಡಿಯುವುದಿಲ್ಲ. ಇಲ್ಲದಿದ್ದರೆ ಅದು ಕಾರ್ಬನ್ ಉಕ್ಕು. ತುಕ್ಕು ಹಿಡಿಯುತ್ತದೆ, ಆದರೆ ಮನೆಯ ಸಾಣೆಕಲ್ಲಿನಲ್ಲಿ ಐದು ನಿಮಿಷಕ್ಕೆ ಹರಿತವಾಗುತ್ತದೆ. ಊರ ಕಮ್ಮಾರರು ಬಳಸುವ ಲಾರಿಯ ಸ್ಪ್ರಿಂಗ್ ಪ್ಲೇಟು ಈ ಜಾತಿ. ಕಬ್ಬಿಣ ಕೊಯ್ಯುವ ಯಂತ್ರದ ಗರಗಸದ (ಪವರ್ ಹ್ಯಾಕ್ಸಾ) ಬ್ಲೇಡಿನಿಂದ ಮಾಡಿದ ಚಾಕುಗಳೂ ಸಿಗುತ್ತವೆ, ತಿಂಗಳುಗಟ್ಟಲೆ ಮೊಂಡಾಗುವುದಿಲ್ಲ, ಆದರೆ ಕೆಳಗೆ ಕಲ್ಲಿನ ಮೇಲೆ ಬಿದ್ದರೆ ಮೊನೆ ಗಾಜಿನ ಥರ ಸಿಡಿದು ಹೋಗುತ್ತದೆ. ಡಿ2 ಅನ್ನುವ ಉಕ್ಕಿಗೆ ಈಗ ಬಹಳ ಹೆಸರು. ಅದು ನಿಜಕ್ಕೂ ಗಟ್ಟಿ, ಅದಕ್ಕೇ ಮೊಂಡಾದ ಮೇಲೆ ಸಾಣೆ ಹಿಡಿಯುವವನ ತಾಳ್ಮೆಯನ್ನೂ ಪರೀಕ್ಷೆ ಮಾಡುತ್ತದೆ.

ತೋಟದವರಿಗೆ ಕಾರ್ಬನ್. ಕರಾವಳಿಯವರಿಗೆ, ಮೀನು ಹಿಡಿಯುವವರಿಗೆ, ಒರೆಸಿಡಲು ಸೋಮಾರಿತನ ಇರುವವರಿಗೆ ಸ್ಟೇನ್‌ಲೆಸ್. ಇಷ್ಟಕ್ಕೇ ಬಿಡಿ.

ಹಾಗಾದರೆ ಮೊದಲು ನೋಡಬೇಕಾದ್ದು ಏನು?

ಒರೆ. ಉಕ್ಕಲ್ಲ, ಹಿಡಿಯಲ್ಲ, ಒರೆ.

ಮೂರನೇ ವರ್ಷ ನಾನು ಆನ್‌ಲೈನ್‌ನಲ್ಲಿ ತರಿಸಿದ ಒಂದು ಚಾಕುವಿಗೆ ಬಟ್ಟೆಯ ಒರೆ ಬಂದಿತ್ತು. ಮೂರು ತಿಂಗಳು ಚೆನ್ನಾಗಿತ್ತು. ಒಂದು ದಿನ ಕೊಯ್ಲು ಮುಗಿಸಿ ಜೀಪಿನ ಹಿಂದೆ ಕೂತಾಗ ಮೊನೆ ಬಟ್ಟೆಯನ್ನು ತೂರಿಕೊಂಡು ತೊಡೆಗೆ ಹೋಯಿತು. ಒಂದು ಇಂಚೂ ಇಲ್ಲ, ಮೂರು ಹೊಲಿಗೆ. ಡಾಕ್ಟರು ಯಾರು ಚುಚ್ಚಿದ್ದು ಎಂದು ಕೇಳಿದರು. ನಾನೇ ಅಂದರೆ ನಂಬಲಿಲ್ಲ.

ಸೊಂಟದ ಚಾಕು ದಿನದಲ್ಲಿ ಹತ್ತು ನಿಮಿಷ ಕೈಯಲ್ಲಿ ಇರಬಹುದು. ಉಳಿದ ಹೊತ್ತೆಲ್ಲ ಒರೆಯಲ್ಲಿ ಇರುತ್ತದೆ, ನಿಮ್ಮ ಹೊಟ್ಟೆಯಿಂದ ನಾಲ್ಕು ಬೆರಳು ದೂರದಲ್ಲಿ. ಅದಕ್ಕೇ ಒರೆ ಗಟ್ಟಿ ಇರಬೇಕು, ಮೊನೆ ತೂರಬಾರದು. ತಲೆಕೆಳಗೆ ಹಿಡಿದು ಅಲ್ಲಾಡಿಸಿದರೂ ಚಾಕು ಬೀಳಬಾರದು. ಹಾಗಂತ ಎರಡು ಕೈ ಹಾಕಿ ಜಗ್ಗುವಷ್ಟು ಬಿಗಿಯೂ ಬೇಡ, ಜಗ್ಗಿದಾಗ ತಟ್ಟನೆ ಹೊರಗೆ ಬಂದ ಚಾಕು ಎಲ್ಲಿಗೆ ಹೋಗುತ್ತದೆ ಎಂದು ಹೇಳಲಾಗದು. ತಳದಲ್ಲಿ ನೀರು ಇಳಿಯಲು ಒಂದು ತೂತು.

ಚರ್ಮದ ಒರೆ ನೋಡಲು ಚೆಂದ, ಬಯಲುಸೀಮೆಯಲ್ಲಿ ನಡೆಯುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೇಲೆ ಮಳೆ ಬೀಳುವ ಆಗುಂಬೆಯಂಥ ಕಡೆ ಅದು ಜುಲೈನಲ್ಲಿ ಬೂಸಲು ಹಿಡಿದು, ಒಳಗಿನ ಚಾಕುವಿಗೂ ತುಕ್ಕು ಹಿಡಿಸುತ್ತದೆ. ಗಟ್ಟಿ ಪ್ಲಾಸ್ಟಿಕ್ಕೋ, ಬಿಸಿ ಮಾಡಿ ಬಗ್ಗಿಸುವ ಕೈಡೆಕ್ಸ್ ಅನ್ನುವ ಪ್ಲಾಸ್ಟಿಕ್ ಹಾಳೆಯೋ ಮೇಲು.

ಚಾಕು ಒಳ್ಳೆಯದಿದೆ, ಒರೆ ಕೆಟ್ಟದು. ಏನು ಮಾಡಲಿ?

ಮನೆಯಲ್ಲಿ ಮಿಕ್ಕ ಪಿವಿಸಿ ಪೈಪ್ ಇದೆಯಾ? ನೀರಾವರಿ ಇರುವ ಯಾವ ಮನೆಯಲ್ಲಿ ಇರುವುದಿಲ್ಲ ಹೇಳಿ. ಮುಕ್ಕಾಲು ಇಂಚಿನ ಪೈಪು ಚಪ್ಪಟೆಯಾದರೆ ಸುಮಾರು ಒಂದೂವರೆ ಇಂಚು ಅಗಲವಾಗುತ್ತದೆ, ಒಂದು ಇಂಚು ಅಗಲದ ಅಲಗಿಗೆ ಸಾಕು. ಅಲಗಿಗಿಂತ ಎರಡು ಇಂಚು ಉದ್ದಕ್ಕೆ ತುಂಡು ಮಾಡಿ. ಅಲಗಿಗೆ ನಾಲ್ಕು ಸುತ್ತು ಪೇಪರ್ ಸುತ್ತಿ ಟೇಪ್ ಹಾಕಿ, ಇಲ್ಲದಿದ್ದರೆ ಒರೆ ಆಮೇಲೆ ಅಲಗನ್ನು ಕಚ್ಚಿಕೊಳ್ಳುತ್ತದೆ. ಪೈಪನ್ನು ಕುದಿಯುವ ನೀರಿನಲ್ಲಿ ಎರಡು ಮೂರು ನಿಮಿಷ ಅದ್ದಿ. ಮೆತ್ತಗಾದ ಕೂಡಲೇ ದಪ್ಪ ಕೈಗವಸು ಹಾಕಿಕೊಂಡು ತೆಗೆದು, ಚಾಕು ಒಳಗೆ ತೂರಿಸಿ, ಎರಡು ಹಲಗೆ ನಡುವೆ ಇಟ್ಟು ಮೇಲೆ ನಿಂತುಬಿಡಿ. ತಣ್ಣಗಾಗುವವರೆಗೆ ಇಳಿಯಬೇಡಿ. ಮೊದಲ ಸಲ ಸರಿ ಬರುವುದಿಲ್ಲ, ನನಗೆ ಮೂರನೆಯದು ಬಂತು. ಹಾಳಾದರೆ ಮತ್ತೆ ಬಿಸಿನೀರಿಗೆ ಹಾಕಿ ಬಿಚ್ಚಬಹುದು. ಆಮೇಲೆ ಮೇಲ್ಗಡೆ ಬೆಲ್ಟ್ ಹೋಗಲು ಎರಡು ಸೀಳು, ಕೆಳಗೆ ನೀರಿಗೆ ಸಂದಿ.

ಪೈಪನ್ನು ಒಲೆಯ ಬೆಂಕಿಯ ಮೇಲೆ ಮಾತ್ರ ಹಿಡಿಯಬೇಡಿ. ಪಿವಿಸಿ ಸುಟ್ಟರೆ ಬರುವ ಹೊಗೆಯಲ್ಲಿ ಆಸಿಡ್ ಇರುತ್ತದೆ, ಗಂಟಲು ಉರಿದು ಹೋಗುತ್ತದೆ.

ಸೊಂಟದಲ್ಲಿ ಎಲ್ಲಿ ಕಟ್ಟಿಕೊಳ್ಳಬೇಕು?

ಬೆನ್ನಿನ ಹಿಂದೆ ಬೇಡ. ನಮ್ಮ ಕಡೆ ದೊಡ್ಡ ಕತ್ತಿಯನ್ನು ಹಿಂದೆ ಕೊಕ್ಕೆಯಲ್ಲಿ ಸಿಕ್ಕಿಸುತ್ತಾರೆ ನಿಜ, ಆದರೆ ಅವರು ಕೂರುವ ಮೊದಲು ಅದನ್ನು ತೆಗೆದಿಡುತ್ತಾರೆ. ಸಣ್ಣ ಚಾಕುವನ್ನು ತೆಗೆಯಲು ಯಾರಿಗೂ ನೆನಪಾಗುವುದಿಲ್ಲ. ಅಂಗಾತ ಬಿದ್ದರೆ ಬೆನ್ನುಮೂಳೆಗೇ ಪೆಟ್ಟು. ಬಲಗೈಯವರು ಬಲ ಜೇಬಿನ ಮುಂದೆ, ಸ್ವಲ್ಪ ಓರೆಯಾಗಿ ಕಟ್ಟಿಕೊಳ್ಳಿ. ಬೈಕ್ ಓಡಿಸಿ ನೋಡಿ, ಬಗ್ಗಿ ಶೂ ಕಟ್ಟಿ ನೋಡಿ. ಚುಚ್ಚಿದರೆ ಜಾಗ ಬದಲಿಸಿ. ಪಂಚೆ ಉಡುವವರಿಗೆ ಮಾತ್ರ ಬೆಲ್ಟು ಬೇಕೇ ಬೇಕು, ಸುಮ್ನೆ ಪಂಚೆಗೆ ಸಿಕ್ಕಿಸಿದರೆ ಭಾರಕ್ಕೆ ಪಂಚೆಯೂ ಬರುತ್ತದೆ.

ಕಮ್ಮಾರನ ಹತ್ತಿರ ಮಾಡಿಸುವುದಾ, ಕಂಪನಿ ಚಾಕು ತರಿಸುವುದಾ?

ಹತ್ತಿರದಲ್ಲಿ ಕುಲುಮೆ ಇದ್ದರೆ ಎರಡನೇ ಯೋಚನೆ ಬೇಡ. ಹೋಗಿ ಎದುರಿಗೆ ಕೂತು ಮಾಡಿಸಿ. ಅದನ್ನು ನೋಡುವುದೇ ಒಂದು ಸುಖ.

ನಮ್ಮ ಕಮ್ಮಾರ ಅಲಗನ್ನು ಕೆಂಪಗೆ ಕಾಯಿಸಿ ಬಾಯಿಯ ಕಡೆಯನ್ನು ಮಾತ್ರ ಎಣ್ಣೆಯಲ್ಲಿ ಅದ್ದುತ್ತಾನೆ, ಬೆನ್ನು ಹೊರಗೇ ಇರುತ್ತದೆ. ಒಂದೆರಡು ಕ್ಷಣಕ್ಕೆ ಹೊರಗೆ ತೆಗೆದು ಕಲ್ಲಿನ ಮೇಲೆ ಎರಡು ಸಲ ಉಜ್ಜಿ ಬೆಳ್ಳಗೆ ಮಾಡಿ, ನೋಡ್ತಾ ಕೂರುತ್ತಾನೆ. ಬೆನ್ನಿನಲ್ಲಿ ಉಳಿದ ಶಾಖ ನಿಧಾನಕ್ಕೆ ಬಾಯಿಯ ಕಡೆ ಇಳಿಯುತ್ತದೆ, ಅದರ ಜೊತೆ ಬಣ್ಣವೂ ಇಳಿಯುತ್ತದೆ: ಮುಂದೆ ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ನೇರಳೆ, ನೀಲಿ. ಹಳದಿ ಬಾಯಿಗೆ ಮುಟ್ಟಿದ ಗಳಿಗೆಗೆ ಇಡೀ ಅಲಗನ್ನು ಅದ್ದಿಬಿಡುತ್ತಾನೆ. ಅದೇ ಹದ. ಬಾಯಿ ಗಡುಸು, ಬೆನ್ನು ಮೆದು, ಹಾಗಾಗಿ ಹರಿತವೂ ನಿಲ್ಲುತ್ತದೆ, ಮುರಿಯುವುದೂ ಇಲ್ಲ. ಒಂದು ಕ್ಷಣ ತಡವಾಗಿ ನೀಲಿ ಬಂತೋ, ಅದು ಬೆಣ್ಣೆ ಹಚ್ಚಲು ಸರಿ. ನನ್ನ ಚಾಕುವಿಗೆ ಅವನು ತೆಗೆದುಕೊಂಡಿದ್ದು 350 ರೂಪಾಯಿ, ಹಲಸಿನ ಮರದ ಹಿಡಿ ಸೇರಿ.

ಚಾಕುವನ್ನು ಗ್ರೈಂಡರಿಗೆ ಕೊಟ್ಟು ಮಸೆಸುವವರೂ ಈ ಬಣ್ಣ ನೆನಪಿಡಿ. ಚಕ್ರಕ್ಕೆ ಹಿಡಿದಾಗ ಬಾಯಿ ನೀಲಿಯಾದರೆ ಆ ಜಾಗದ ಹದ ಹೋಯಿತು ಎಂದೇ ಲೆಕ್ಕ.

ಕುಲುಮೆ ಇಲ್ಲದ ಊರಿನವರಿಗೆ ಸ್ವೀಡನ್ನಿನ ಮೊರಾ ಚಾಕು ಧೈರ್ಯವಾಗಿ ಹೇಳುತ್ತೇನೆ. ಕಂಪ್ಯಾನಿಯನ್ ಅನ್ನುವ ಮಾದರಿಯ ಅಲಗು ನಾಲ್ಕು ಇಂಚು, ದಪ್ಪ ಎರಡೂವರೆ ಮಿಲಿಮೀಟರ್, ಜೊತೆಗೆ ಗಟ್ಟಿ ಪ್ಲಾಸ್ಟಿಕ್ ಒರೆ. ನೋಡಲು ಆಟಿಕೆ ಥರ ಇದೆ, ಅದು ಬೇರೆ ಮಾತು. ಅದೂ ಬೇಡ ಅಂದರೆ ಅಡುಗೆಮನೆಯ ಸಣ್ಣ ಹಣ್ಣಿನ ಚಾಕುವಿಗೆ ಪೈಪಿನ ಒರೆ ಹಾಕಿ ಒಂದು ತಿಂಗಳು ಇಟ್ಟುಕೊಂಡು ನೋಡಿ. ನಿಮಗೆ ಇದು ನಿಜವಾಗಿ ಬೇಕಾ ಇಲ್ಲವಾ ಅಲ್ಲೇ ಗೊತ್ತಾಗುತ್ತದೆ.

ಅಂಗಡಿಯಲ್ಲಿ ಹೇಗೆ ಪರೀಕ್ಷೆ ಮಾಡುವುದು?

ಹಿಡಿಯೊಳಗೆ ಹೋಗುವ ಬಾಲವನ್ನು ನೋಡಿ. ಹಿಡಿಯ ಎರಡು ಹೋಳಿನ ನಡುವೆ ಉಕ್ಕು ಸುತ್ತಲೂ ಕಾಣುತ್ತಿದ್ದರೆ ಬಾಲ ಪೂರ್ತಿ ಇದೆ, ಗಟ್ಟಿ. ಕಾಣದಿದ್ದರೆ ಕೆಟ್ಟದ್ದು ಅಂತಲ್ಲ, ನಮ್ಮ ಊರಿನ ಚಾಕುಗಳಲ್ಲೂ ಮೊನಚಾದ ಬಾಲವನ್ನು ಮರಕ್ಕೆ ಇಳಿಸಿ ಅರಗು ತುಂಬಿ ಬುಡಕ್ಕೆ ಬಳೆ ಹಾಕುತ್ತಾರೆ, ತಲೆಮಾರು ಬಾಳುತ್ತವೆ. ಅರ್ಧ ಹಿಡಿಯವರೆಗಾದರೂ ಬಾಲ ಇರಬೇಕು ಅಷ್ಟೇ. ನಾನು ತರಿಸಿದ್ದ ಇನ್ನೊಂದು ಚಾಕು ಮುರಿದಾಗ ಒಳಗೆ ಇದ್ದದ್ದು ಮೊಳೆಯಷ್ಟು ತುಂಡು.

ಹಿಡಿದು ಹಣೆಯ ಮಟ್ಟಕ್ಕೆ ಎತ್ತಿ ಬೆಳಕಿಗೆ ಬಾಯಿ ನೋಡಿ. ಗೆರೆ ಸೊಟ್ಟ ಇದ್ದರೆ ವಾಪಸ್ ಇಡಿ.

ಇಟ್ಟುಕೊಂಡರೆ ಪೊಲೀಸರು ಹಿಡಿಯುತ್ತಾರಾ?

ನಾನು ವಕೀಲನಲ್ಲ, ಓದಿದ್ದನ್ನು ಹೇಳುತ್ತೇನೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಆಯುಧ ಅಂದರೆ ಏನು ಎನ್ನುವ ಕಡೆ, ಬರೀ ಮನೆಗೆಲಸಕ್ಕೆ ಅಥವಾ ಬೇಸಾಯಕ್ಕೆ ಮಾಡಿದ ವಸ್ತುಗಳನ್ನು ಹೊರಗಿಟ್ಟಿದ್ದಾರೆ, ಲಾಠಿ ಮತ್ತು ಊರುಗೋಲಿನ ಉದಾಹರಣೆ ಕೊಟ್ಟು. ಅದರ ನಿಯಮಗಳಲ್ಲಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಕತ್ತಿ, ಚೂರಿಗಳ ಒಂದು ವರ್ಗ ಇದೆ, ಅಲ್ಲೂ ಮನೆ ಮತ್ತು ಬೇಸಾಯದ ಉಪಕರಣಕ್ಕೆ ವಿನಾಯಿತಿ ಇದೆ. ನಮ್ಮ ಮೂರು ಇಂಚಿನದು ಅದರ ಹತ್ತಿರಕ್ಕೂ ಹೋಗುವುದಿಲ್ಲ. ದೆಹಲಿಯಲ್ಲಿ ಬಟನ್ ಒತ್ತಿದರೆ ತೆರೆಯುವ ಚಾಕುಗಳ ಬಗ್ಗೆ 1980ರ ಅಧಿಸೂಚನೆ ಇದೆ, 7.62 ಸೆಂಟಿಮೀಟರ್ ಉದ್ದ, 1.72 ಸೆಂಟಿಮೀಟರ್ ಅಗಲ ಮುಟ್ಟಿದರೆ ತೊಂದರೆ. ಅದಕ್ಕೇ ಹೇಳುವುದು, ಬಟನ್ನು ಸ್ಪ್ರಿಂಗು ಎಲ್ಲ ಬೇಡ.

ಆದರೆ ಕಾಗದದ ಮೇಲಿನ ಮಾತೇ ಬೇರೆ, ಜಾಗ ಮತ್ತು ಹೊತ್ತೇ ಬೇರೆ ಅಲ್ವಾ. ತೋಟದಲ್ಲಿ, ಅಡಿಕೆ ಮಂಡಿಗೆ ಹೋಗುವ ಗಾಡಿಯಲ್ಲಿ ಯಾರೂ ಕೇಳುವುದಿಲ್ಲ. ಅದೇ ಚಾಕು ರಾತ್ರಿ ಹನ್ನೊಂದಕ್ಕೆ ಬಾರ್ ಎದುರು ಸೊಂಟದಲ್ಲಿದ್ದರೆ ಕೇಳಿಯೇ ಕೇಳುತ್ತಾರೆ, ಕೇಳಬೇಕು ಕೂಡ. ಚುನಾವಣೆ, ಗಲಾಟೆ ಸಮಯದಲ್ಲಿ ನಿಷೇಧಾಜ್ಞೆ ಹಾಕಿದಾಗ ಹರಿತವಾದ ಯಾವುದನ್ನೂ ಹೊರಗೆ ಒಯ್ಯಬೇಡಿ. ನಾನು ಪೇಟೆಗೆ ಹೋಗುವಾಗ ಬಿಚ್ಚಿ ಜಗಲಿಯ ಗೂಟಕ್ಕೆ ತೂಗು ಹಾಕಿಯೇ ಹೋಗುವುದು.

ಮೆಟ್ರೊ, ವಿಮಾನ, ವಿದೇಶ?

ಮೆಟ್ರೊಗೆ ಬೇಡ. ವಿಮಾನದಲ್ಲಿ ಕೈಚೀಲದಲ್ಲಿ ಬೇಡವೇ ಬೇಡ, ಒಯ್ಯಲೇಬೇಕಾದರೆ ಚೆಕ್-ಇನ್ ಸೂಟ್‌ಕೇಸಿನಲ್ಲಿ ಚೆನ್ನಾಗಿ ಸುತ್ತಿ ಹಾಕಿ. ಇಂಗ್ಲೆಂಡಿನಲ್ಲಿ ಇರುವವರು ಹುಷಾರು: ಅಲ್ಲಿ 1988ರ ಕಾಯ್ದೆ ಪ್ರಕಾರ ಸಾರ್ವಜನಿಕ ಜಾಗದಲ್ಲಿ ಕಾರಣ ಕೊಡದೆ ಇಟ್ಟುಕೊಳ್ಳಬಹುದಾದ್ದು ಮೂರು ಇಂಚಿನೊಳಗಿನ, ಲಾಕ್ ಆಗದ, ಮಡಚುವ ಚಾಕು ಮಾತ್ರ. ಮಡಚದ್ದು ಎಷ್ಟೇ ಪುಟ್ಟದಾದರೂ ಸರಿಯಾದ ಕಾರಣ ಬೇಕು.

ಆತ್ಮರಕ್ಷಣೆಗೆ ಆಗುತ್ತಾ?

ಇಲ್ಲ. ಓಡಿ.

ಕೊಡವರ ಪೀಚೆಕತ್ತಿ ಇದೇ ಜಾತಿಯಾ?

ಗಾತ್ರದಲ್ಲಿ ಹತ್ತಿರ, ಬಾಳ್ವೆಯಲ್ಲಿ ದೂರ. ಕುಪ್ಯ ಅನ್ನುವ ನಿಲುವಂಗಿಯ ಮೇಲೆ ಕೆಂಪು ಚೇಲೆ (ನಡುಪಟ್ಟಿ) ಕಟ್ಟಿ ಮುಂದುಗಡೆ ಸಿಕ್ಕಿಸುವ ಪೀಚೆಕತ್ತಿ ಹಬ್ಬ, ಮದುವೆಯ ಉಡುಪಿನ ಭಾಗ. ಬೆಳ್ಳಿ ಕೆಲಸದ ಒರೆ, ಅದಕ್ಕೊಂದು ಸರಪಳಿ. ಹಳೆಯವುಗಳಲ್ಲಿ ಆ ಸರಪಳಿಗೆ ಚಿಮಟ, ಕಿವಿ ಕಡ್ಡಿಯಂಥ ಪುಟ್ಟ ಸಾಮಾನು ನೇತಾಡುವುದನ್ನೂ ಕಾಣಬಹುದು. ಅಂದರೆ ಅದೂ ಒಂದು ಕಾಲಕ್ಕೆ ದಿನದ ಕೆಲಸಕ್ಕೆ ಬರುತ್ತಿದ್ದದ್ದೇ ಇರಬೇಕು ಎಂದು ನನ್ನ ಊಹೆ. ಅದರಲ್ಲಿ ಗೊಬ್ಬರದ ಚೀಲ ಹರಿಯುತ್ತೇನೆ ಅಂತ ಮಾತ್ರ ಯಾರ ಮನೆಯಲ್ಲೂ ಹೇಳಬೇಡಿ.

ಸಾಣೆ ಹಿಡಿಯಲು ಬರುವುದಿಲ್ಲ.

ಬರುತ್ತದೆ. 1000 ನಂಬರಿನ ಒಂದು ಕಲ್ಲು ಸಾಕು. ನೀರು ಹಾಕಿ. ಚಾಕುವನ್ನು ಕಲ್ಲಿನ ಮೇಲೆ ನೇರ ನಿಲ್ಲಿಸಿ, ಅರ್ಧಕ್ಕೆ ಬಗ್ಗಿಸಿ, ಮತ್ತೆ ಅದರ ಅರ್ಧಕ್ಕೆ ಬಗ್ಗಿಸಿ. ಸುಮಾರು ಇಪ್ಪತ್ತು ಡಿಗ್ರಿ ಬಂತು, ಆ ಓರೆಯನ್ನು ಬಿಡಬೇಡಿ. ಒಂದೇ ಬದಿಯನ್ನು ಉಜ್ಜುತ್ತಾ ಹೋಗಿ, ಆಚೆ ಬದಿಗೆ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲಗೆ ಸವರಿದರೆ ದೊರಗು ಸಿಗುವವರೆಗೆ. ಬಾಯಿಯ ಉದ್ದಕ್ಕೆ ಮಾತ್ರ ಬೆರಳು ಎಳೆಯಬೇಡಿ. ಇಡೀ ಉದ್ದಕ್ಕೂ ದೊರಗು ಬಂದ ಮೇಲೆ ಬದಿ ಬದಲಿಸಿ. ಎಲ್ಲರೂ ತಪ್ಪುವುದು ಇಲ್ಲೇ, ದೊರಗು ಬರುವ ಮೊದಲೇ ಬೇಜಾರಾಗಿ ತಿರುಗಿಸಿಬಿಡುತ್ತಾರೆ. ಕೊನೆಗೆ ಹಳೆ ಚರ್ಮದ ಬೆಲ್ಟಿನ ಒಳಮೈ ಮೇಲೆ, ಬೆನ್ನು ಮುಂದೆ ಬಾಯಿ ಹಿಂದೆ ಬರುವ ಹಾಗೆ, ಹತ್ತಿಪ್ಪತ್ತು ಸಲ ಎಳೆಯಿರಿ.

ಕಲ್ಲು ಇಲ್ಲದ ಕಡೆ ಪಿಂಗಾಣಿ ಕಪ್ಪನ್ನು ಬೋರಲು ಹಾಕಿ. ತಳದಲ್ಲಿ ಹೊಳಪಿಲ್ಲದ ಒರಟು ಉಂಗುರ ಇರುತ್ತದೆ, ಅದೂ ಸಾಣೆಯೇ. ಹೆಂಡತಿ ನೋಡದ ಹಾಗೆ ಮಾಡಿ.

ಅಲಗು ಕಪ್ಪಾಗಿದೆ, ಹಾಳಾಯ್ತಾ?

ಕಪ್ಪು ಒಳ್ಳೆಯದು, ಕೆಂಪು ಕೆಟ್ಟದ್ದು. ಅಡಿಕೆಯ ಒಗರು, ಮಾವಿನ ಸೊನೆ, ಬಾಳೆ ರಸ ತಾಗಿದರೆ ಕಾರ್ಬನ್ ಉಕ್ಕು ಕಪ್ಪು, ನೀಲಿ ಕಲೆ ಕಲೆ ಆಗುತ್ತದೆ. ಅಡಿಕೆ ಸುಲಿಯುವವರ ಕತ್ತಿ ನೋಡಿದ್ದೀರಲ್ಲ, ಹಾಗೆ. ಆ ಕಪ್ಪು ಸ್ವಲ್ಪ ಮಟ್ಟಿಗೆ ತುಕ್ಕನ್ನು ತಡೆಯುತ್ತದೆ, ಉಜ್ಜಿ ಉಜ್ಜಿ ತೆಗೆಯಬೇಡಿ. ಕೆಂಪು ಕಂಡರೆ ಮಾತ್ರ ಬೂದಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿ, ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿ. ಸೂರ್ಯಕಾಂತಿ ಎಣ್ಣೆ ಬೇಡ, ದಿನ ಕಳೆದಂತೆ ಅಂಟು ಅಂಟಾಗುತ್ತದೆ. ಮಳೆಗಾಲದಲ್ಲಿ ರಾತ್ರಿ ಒರೆಯಿಂದ ಹೊರಗೆ ತೆಗೆದು, ಮಕ್ಕಳ ಕೈಗೆ ಸಿಗದಷ್ಟು ಎತ್ತರದಲ್ಲಿಡಿ.

ಚಾಕುವನ್ನು ಕೈಯಿಂದ ಕೈಗೆ ಕೊಡಬಾರದು ಅನ್ನುತ್ತಾರಲ್ಲ, ನಂಬುತ್ತೀರಾ?

ಜಗಳ ಆಗುತ್ತದೆ ಅನ್ನುತ್ತಿದ್ದಳು ಅಜ್ಜಿ. ಜಗಳ ಆಗುತ್ತದೋ ಇಲ್ಲವೋ, ಒಬ್ಬ ಬಿಟ್ಟ ಎಂದುಕೊಂಡು ಇನ್ನೊಬ್ಬ ಹಿಡಿಯುವ ಆ ಅರೆಕ್ಷಣದಲ್ಲಿ ಬೆರಳು ಕುಯ್ದುಕೊಂಡವರನ್ನು ನಾನು ನೋಡಿದ್ದೇನೆ. ನಮ್ಮ ಮನೆಯಲ್ಲಿ ಈಗಲೂ ಕೆಳಗೆ ಇಡುವುದು, ಬೇಕಾದವರು ಎತ್ತಿಕೊಳ್ಳುವುದು. ಹೋದ ಆಯುಧಪೂಜೆಗೆ ಕುಂಕುಮ ಹಚ್ಚಲು ಅಕ್ಕನ ಮಗನ ಹತ್ತಿರ ಚಾಕು ಕೇಳಿದೆ. ಕಲಿಸಿದ ಹಾಗೇ ಜಗಲಿಯ ಮೇಲೆ ಇಟ್ಟು ನನ್ನ ಕಡೆ ತಳ್ಳಿದ, ಮೊನೆ ಮುಂದಾಗಿ. ಹಾಗೇ ವಾಪಸ್ ತಳ್ಳಿ, ತಿರುಗಿಸಿ ಇಡೋ ಮಾರಾಯ ಅಂದೆ.